ಕಾಲುವೆ ಕರೆಂಟು, ಬಿಸಿಲ ಕರಾರು

ದೊಡ್ಡ ಉದ್ಯಮವೊಂದು ಹೊಳೆ, ಗಾಳಿ ಅಥವಾ ಬಿಸಿಲಿನಿಂದ ವಿದ್ಯುತ್ ತೆಗೆಯುವವರ ಜೊತೆ ನೇರವಾಗಿ ಹಲವು ವರ್ಷಗಳ ಕರಾರು ಮಾಡಿಕೊಳ್ಳುವುದು ಕರ್ನಾಟಕಕ್ಕೆ ಹೊಸದಲ್ಲ. 1902ರ ಜೂನ್ 30ರಂದು ಶಿವನಸಮುದ್ರದ ಜಲವಿದ್ಯುತ್ ಸುಮಾರು 148 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಗಳಿಗೆ ಹರಿದದ್ದು ಇಂಥದೇ ಕರಾರಿನ ಬಲದಿಂದ. ಗಣಿಗಳ ಆಡಳಿತ ನೋಡುತ್ತಿದ್ದ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಗೆ ಹಬೆ ಯಂತ್ರಗಳಿಗಾಗಿ ದೂರದಿಂದ ತರಿಸುವ ಕಲ್ಲಿದ್ದಲಿನ ಖರ್ಚು ಹೊರೆಯಾಗಿತ್ತು. ಮೈಸೂರು ಸರ್ಕಾರಕ್ಕೆ ತಾನು ತೆಗೆಯುವ ವಿದ್ಯುತ್ತನ್ನು ಬಿಡದೆ ಕೊಳ್ಳುವ ಒಬ್ಬ ದೊಡ್ಡ ಗಿರಾಕಿ ಬೇಕಿತ್ತು. ಬೆಲೆಯ ಭದ್ರತೆ ಒಬ್ಬರಿಗೆ, ಗಿರಾಕಿಯ ಭದ್ರತೆ ಇನ್ನೊಬ್ಬರಿಗೆ. ‘ಹಸಿರು’ ಎಂಬ ಮಾತು ಆಗ ಯಾರ ತಲೆಯಲ್ಲೂ ಇರಲಿಲ್ಲ, ಆದರೆ ಇಂದಿನ ಕರಾರುಗಳ ಮೂಳೆಕಟ್ಟು ಅದರಲ್ಲೇ ಇತ್ತು.

ಕೃಷ್ಣಾ ಮತ್ತು ತುಂಗಭದ್ರೆಯ ನಡುವಿನ ರಾಯಚೂರು ಸೀಮೆ ಆ ಹೊತ್ತಿಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಮುಂಬಯಿ ಕಡೆಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಹಾಗೂ ಮದ್ರಾಸ್ ರೈಲ್ವೆ 1871ರಲ್ಲಿ ರಾಯಚೂರಿನಲ್ಲಿ ಕೂಡಿಕೊಂಡಿದ್ದರಿಂದ ಹತ್ತಿ, ಶೇಂಗಾ ವ್ಯಾಪಾರ ಬೆಳೆದು ಪಟ್ಟಣದಲ್ಲಿ ಹತ್ತಿ ಬಿಡಿಸುವ ಗಿರಣಿಗಳೂ ಎಣ್ಣೆ ಗಿರಣಿಗಳೂ ಎದ್ದವು. ಅವುಗಳನ್ನು ಓಡಿಸುತ್ತಿದ್ದುದು ಹಬೆ ಮತ್ತು ಎಣ್ಣೆ ಎಂಜಿನ್ನುಗಳು. ದೇವದುರ್ಗ, ಮಾನ್ವಿಗಳು ಮಳೆಯಾಶ್ರಿತ ಜೋಳ, ಹತ್ತಿಯ ಎರೆ ಸೀಮೆಗಳಾಗಿಯೇ ಉಳಿದಿದ್ದವು.

ಈ ನೆಲಕ್ಕೆ ವಿದ್ಯುತ್ತಿನ ಕಥೆ ತಂದದ್ದು ತುಂಗಭದ್ರಾ ಅಣೆಕಟ್ಟು. 1953ರಲ್ಲಿ ನೀರು ಬಿಟ್ಟ ಮೇಲೆ ಮುನಿರಾಬಾದಿನಿಂದ ಹೊರಡುವ ಎಡದಂಡೆ ಕಾಲುವೆ ಗಂಗಾವತಿ, ಸಿಂಧನೂರು ದಾಟಿ ಮಾನ್ವಿ, ರಾಯಚೂರಿನ ಕಡೆಗೆ ಸುಮಾರು 227 ಕಿಲೋಮೀಟರ್ ಹರಿಯುವಂತಾಯಿತು. 1956ರಲ್ಲಿ ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು, ಮರುವರ್ಷ ವಿದ್ಯುತ್ ಮಂಡಳಿ, ಅಂದರೆ ಕೆಇಬಿ, ಹುಟ್ಟಿತು. ಮುನಿರಾಬಾದಿನ ಜಲವಿದ್ಯುತ್ ಕೇಂದ್ರ 1962ರಲ್ಲಿ ಆರಂಭವಾಯಿತು. ಕಾಲುವೆಯ ಉದ್ದೇಶ ನೀರಾವರಿ. ಆದರೆ ನೆಲ ಇಳಿಜಾರಾಗಿರುವ ಕಡೆ ಕಾಲುವೆಗೆ ಮೆಟ್ಟಿಲಿನಂತೆ ಬೀಳು ಕಟ್ಟಲೇಬೇಕು, ಇಲ್ಲವಾದರೆ ರಭಸಕ್ಕೆ ದಂಡೆ ಕೊಚ್ಚಿಹೋಗುತ್ತದೆ. ಅಲ್ಲಿ ಸುಮ್ಮನೆ ಬೀಳುವ ನೀರಿನ ಕೆಳಗೆ ಟರ್ಬೈನ್ ಇಟ್ಟರೆ ವಿದ್ಯುತ್ತು. ರೈತರ ಪಾಲಿನ ನೀರು ಒಂದು ಹನಿಯೂ ಕಡಿಮೆಯಾಗುವುದಿಲ್ಲ.

ಕರ್ನಾಟಕ ವಿದ್ಯುತ್ ನಿಗಮ ಈ ಲೆಕ್ಕಾಚಾರದಿಂದ ಕಟ್ಟಿದ ಕಿರು ಕೇಂದ್ರಗಳ ಪೈಕಿ ಮೂರು ಈ ಸೀಮೆಯವು: ರಾಯಚೂರು ತಾಲ್ಲೂಕಿನ ಕಲ್ಮಲಾದಲ್ಲಿ 400 ಕಿಲೋವ್ಯಾಟ್, ಆಗ ಮಾನ್ವಿ ತಾಲ್ಲೂಕಿನಲ್ಲಿದ್ದ ಸಿರವಾರದಲ್ಲಿ 1,000 ಕಿಲೋವ್ಯಾಟ್, ದೇವದುರ್ಗ ತಾಲ್ಲೂಕಿನ ಗಣೇಕಲ್‌ನಲ್ಲಿ 350 ಕಿಲೋವ್ಯಾಟ್. ಮೂರೂ ಸೇರಿ ಎರಡು ಮೆಗಾವ್ಯಾಟ್ ಕೂಡ ಆಗುವುದಿಲ್ಲ. ಇಂದು ಒಂದು ಸಾಧಾರಣ ಕಾರ್ಖಾನೆಯ ಚಾವಣಿಯ ಮೇಲೆ ಅಷ್ಟು ಸೌರಫಲಕ ಹಾಸುತ್ತಾರೆ.

ಖರೀದಿಯ ಇತಿಹಾಸದಲ್ಲಿ ಹೆಚ್ಚು ತೂಕವಿರುವುದು ಅದೇ ಕಾಲುವೆಯ ಮೇಲಿನ ಶಿವಪುರ ಕೇಂದ್ರಕ್ಕೆ. ವಿದ್ಯುತ್ ಉತ್ಪಾದನೆಯನ್ನು 1991ರಲ್ಲಿ ಕೇಂದ್ರ ಸರ್ಕಾರ ಖಾಸಗಿಯವರಿಗೆ ತೆರೆದ ಮರುವರ್ಷ, 1992ರಲ್ಲಿ, ಭೋರುಕಾ ಪವರ್ ಕಾರ್ಪೊರೇಷನ್ ಅಲ್ಲಿ 18 ಮೆಗಾವ್ಯಾಟ್ ಕಿರು ಜಲವಿದ್ಯುತ್ ಕೇಂದ್ರವನ್ನು ಚಾಲೂ ಮಾಡಿತು. ಇಂದು ಕೊಪ್ಪಳ ಜಿಲ್ಲೆಗೆ ಸೇರಿದ ಶಿವಪುರ, 1997ರವರೆಗೆ ರಾಯಚೂರು ಜಿಲ್ಲೆಯ ಭಾಗವೇ ಆಗಿತ್ತು. ಅಲ್ಲಿನ ವಿದ್ಯುತ್ತನ್ನು ಕೆಇಬಿಯ ತಂತಿಯ ಮೇಲೆ ಸಾಗಿಸಿ ದೂರದ ಕೈಗಾರಿಕೆಗಳಿಗೆ ಮುಟ್ಟಿಸುವ ವ್ಯವಸ್ಥೆಯೇ ವ್ಹೀಲಿಂಗ್. ಉತ್ಪಾದಕ ಗ್ರಿಡ್ಡಿಗೆ ನೂರು ಯೂನಿಟ್ ಹಾಕಿದರೆ, ಮಂಡಳಿ ತನ್ನ ತಂತಿಯ ಬಾಡಿಗೆಯಾಗಿ ಕೆಲವು ಯೂನಿಟ್ ಹಿಡಿದುಕೊಂಡು ಉಳಿದದ್ದನ್ನು ಗಿರಾಕಿಯ ಮೀಟರಿನಲ್ಲಿ ಜಮಾ ಮಾಡುತ್ತಿತ್ತು. ಶಿವಪುರದಲ್ಲಿ ಹುಟ್ಟಿದ ಕರೆಂಟೇ ಬೆಂಗಳೂರಿನ ಯಂತ್ರವನ್ನು ತಿರುಗಿಸಿತು ಎನ್ನಲಾಗದು. ಲೆಕ್ಕದ ಪುಸ್ತಕದಲ್ಲಿ ಅದು ಅಲ್ಲಿಗೆ ಹೋಯಿತು, ಅಷ್ಟೇ. ಹಸಿರು ವಿದ್ಯುತ್ತಿನ ವ್ಯಾಪಾರವೆಲ್ಲ ಇಂದಿಗೂ ಈ ಪುಸ್ತಕದ ಲೆಕ್ಕದ ಮೇಲೆಯೇ ನಿಂತಿದೆ.

ಕಾಲುವೆ ಕರೆಂಟಿಗೆ ಒಂದು ತೊಡಕಿತ್ತು. ಮುಂಗಾರಿಗೆ ಜಲಾಶಯ ತುಂಬಿದ ಮೇಲೆ ಕಾಲುವೆಗೆ ನೀರು ಬಿಡುತ್ತಾರೆ, ಎರಡನೇ ಬೆಳೆ ಮುಗಿಯುತ್ತಲೇ ಕಟ್ಟುತ್ತಾರೆ. ಬೇಸಿಗೆಯಲ್ಲಿ ಕಾಲುವೆ ಒಣ. ಕಾರ್ಖಾನೆಗೆ ಕರೆಂಟು ವರ್ಷವಿಡೀ ಬೇಕು. ಈ ಅಂತರ ತುಂಬಲು ಕರ್ನಾಟಕದಲ್ಲಿ ಬೆಳೆದುಬಂದ ಪದ್ಧತಿ ಬ್ಯಾಂಕಿಂಗ್. ನೀರಿರುವಾಗ ಹೆಚ್ಚಾದ ಯೂನಿಟ್ಟುಗಳನ್ನು ಗ್ರಿಡ್ಡಿನ ಖಾತೆಯಲ್ಲಿ ಇಟ್ಟು, ಸಣ್ಣ ಶುಲ್ಕ ತೆತ್ತು, ವರ್ಷದೊಳಗೆ ಬೇಕಾದಾಗ ತೆಗೆದುಕೊಳ್ಳಬಹುದಿತ್ತು. ಮುಂದೆ ಗಾಳಿ ವಿದ್ಯುತ್ತಿಗೂ ಇದೇ ಅನುಕೂಲವಾಯಿತು, ಏಕೆಂದರೆ ಗಾಳಿಯೂ ಮಳೆಗಾಲದ ಬೆಳೆ. ಕಾರ್ಖಾನೆ ಮತ್ತು ಉತ್ಪಾದಕ ಇಬ್ಬರಿಗೂ ಲಾಭವಾದ ಈ ಏರ್ಪಾಟಿನಲ್ಲಿ ಭಾರ ಹೊತ್ತದ್ದು ಮಂಡಳಿ. ಮಳೆಗಾಲದ ಅಗ್ಗದ ಯೂನಿಟ್ ಜಮಾ ಮಾಡಿಕೊಂಡು, ಏಪ್ರಿಲ್ ತಿಂಗಳ ದುಬಾರಿ ಯೂನಿಟ್ ವಾಪಸು ಕೊಡಬೇಕಾದದ್ದು ಅದರ ಪಾಲಿಗೆ ಬಂತು. ಹಸಿರು ವಿದ್ಯುತ್ತಿನ ಪ್ರತಿ ಕರಾರಿನ ಒಳಗೂ ಇಂಥ ಪ್ರಶ್ನೆಯೊಂದು ಅಡಗಿರುತ್ತದೆ: ಏರಿಳಿತದ ಹೊರೆ ಯಾರ ಹೆಗಲಿಗೆ? ರಾಯಚೂರು ಸೀಮೆಯ ಮುಂದಿನ ಕಥೆಯಲ್ಲಿ ಹೆಗಲು ಬದಲಾಗುತ್ತ ಹೋಗುತ್ತದೆ.

ಕಲ್ಲಿದ್ದಲು ಬಂದದ್ದು ಶಿವಪುರಕ್ಕಿಂತ ಸ್ವಲ್ಪ ಮೊದಲು. 1985ರವರೆಗೆ ಕರ್ನಾಟಕದ ಸ್ವಂತ ವಿದ್ಯುತ್ತೆಲ್ಲ ಶರಾವತಿ, ಕಾಳಿ ಮುಂತಾದ ಹೊಳೆಗಳದ್ದೇ. ಇಂದಿನ ಅಳತೆಯಲ್ಲಿ ರಾಜ್ಯದ ಪ್ರತಿ ಕಾರ್ಖಾನೆಯೂ ಹಸಿರು ವಿದ್ಯುತ್ತಿನಲ್ಲೇ ಓಡುತ್ತಿತ್ತು, ಮಳೆ ಕೈಕೊಟ್ಟ ವರ್ಷ ಪವರ್ ಕಟ್ಟಿಗೆ ಸಿಕ್ಕಿ ಅದನ್ನೇ ಶಪಿಸುತ್ತಿತ್ತು. ಮಳೆಯ ಅವಲಂಬನೆ ತಪ್ಪಿಸಲು ಕೃಷ್ಣಾ ದಂಡೆಯ ದೇವಸೂಗೂರಿನ ಬಳಿ ಶಕ್ತಿನಗರದಲ್ಲಿ ರಾಜ್ಯದ ಮೊದಲ ಕಲ್ಲಿದ್ದಲು ಸ್ಥಾವರ, ಆರ್‌ಟಿಪಿಎಸ್, ಎದ್ದಿತು. ಆರ್‌ಟಿಪಿಎಸ್‌ನ 210 ಮೆಗಾವ್ಯಾಟಿನ ಮೊದಲ ಘಟಕ 1985ರಲ್ಲಿ, 250 ಮೆಗಾವ್ಯಾಟಿನ ಎಂಟನೆಯದು 2010ರಲ್ಲಿ ಚಾಲೂ ಆಗಿ ಒಟ್ಟು 1,720 ಮೆಗಾವ್ಯಾಟ್ ಆಯಿತು. ನದಿಯ ನೀರು, ರೈಲು ಮಾರ್ಗ ಎರಡೂ ಇದ್ದದ್ದು ಈ ಜಾಗದ ಬಲ. ಕಲ್ಲಿದ್ದಲು ಮಾತ್ರ ಹೊರಗಿನದು: ಸಿಂಗರೇಣಿ, ಮಹಾನದಿ, ವಾರ್ಧಾ ಕಡೆಯ ಗಣಿಗಳಿಂದ ಬರಬೇಕು. ಮಳೆಯ ಅನಿಶ್ಚಿತತೆಯ ಜಾಗದಲ್ಲಿ ಗಣಿಯ ಬೆಲೆ ಮತ್ತು ರೈಲ್ವೆ ವ್ಯಾಗನ್ನುಗಳ ಅನಿಶ್ಚಿತತೆ ಬಂದು ಕೂತಿತು. 2017ರಲ್ಲಿ ರಾಯಚೂರಿನ ಪಕ್ಕದ ಯರಮರಸ್‌ನಲ್ಲಿ ತಲಾ 800 ಮೆಗಾವ್ಯಾಟಿನ ಎರಡು ಘಟಕಗಳು ವಾಣಿಜ್ಯ ಉತ್ಪಾದನೆಗೆ ಬಂದಾಗ ಜಿಲ್ಲೆಯ ಕಲ್ಲಿದ್ದಲು ಸಾಮರ್ಥ್ಯ 3,320 ಮೆಗಾವ್ಯಾಟ್ ಮುಟ್ಟಿತು.

ಇಂಧನ ಬೇಡುವ ಹಸಿರು ವಿದ್ಯುತ್ತೂ ಒಂದಿದೆ. ತುಂಗಭದ್ರೆಯ ನೀರು ಮಾನ್ವಿ, ಸಿಂಧನೂರು ಕಡೆಯನ್ನು ಭತ್ತದ ಬಯಲು ಮಾಡಿತು, ಅಕ್ಕಿ ಗಿರಣಿಗಳು ಸಾಲುಗಟ್ಟಿದವು, ಹೊಟ್ಟು ಗುಡ್ಡೆಯಾಗಿ ಬಿತ್ತು. ಕುಸುಬಲಕ್ಕಿ ಗಿರಣಿಗಳು ಬಾಯ್ಲರಿಗೆ ಅದನ್ನೇ ಉರಿಸುತ್ತವೆ. ಹೊಟ್ಟಿನಿಂದ ವಿದ್ಯುತ್ ತೆಗೆದು ಮಾರುವ ಸ್ಥಾವರಗಳು ಬಂದ ಹಲವು ಕಡೆ, ನಿನ್ನೆಯವರೆಗೆ ಕಸವಾಗಿದ್ದ ಹೊಟ್ಟಿಗೆ ಬೆಲೆ ಹತ್ತಿ, ಸ್ಥಾವರದ ಲೆಕ್ಕವೇ ತಪ್ಪಿದೆ. ಹಸಿರು ಕರಾರಿನ ದರ ಇಪ್ಪತ್ತು ವರ್ಷ ನಿಲ್ಲುವುದು ಇಂಧನಕ್ಕೆ ಬೆಲೆಯೇ ಇಲ್ಲದ ಕಡೆ ಮಾತ್ರ, ಎಂದರೆ ಬಿಸಿಲು, ಗಾಳಿ, ಹರಿಯುವ ನೀರಿನಲ್ಲಿ ಮಾತ್ರ.

ಕಾನೂನಿನ ದೊಡ್ಡ ತಿರುವು 2003ರ ವಿದ್ಯುತ್ ಕಾಯ್ದೆ. ಅದಕ್ಕೆ ಮುನ್ನವೇ ಕರ್ನಾಟಕದಲ್ಲಿ 1999ರಲ್ಲಿ ವಿದ್ಯುತ್ ನಿಯಂತ್ರಣ ಆಯೋಗ ರಚನೆಯಾಗಿತ್ತು, 2002ರಲ್ಲಿ ಸರಬರಾಜು ಒಡೆದು ರಾಯಚೂರು ಜಿಲ್ಲೆ ಗುಲ್ಬರ್ಗ ವಿದ್ಯುತ್ ಸರಬರಾಜು ಕಂಪನಿಯ, ಅಂದರೆ ಜೆಸ್ಕಾಂ ಪಾಲಿಗೆ ಬಂದಿತ್ತು. ಹೊಸ ಕಾಯ್ದೆ ಎರಡು ಬಾಗಿಲು ತೆರೆಯಿತು. ಒಂದು ಮುಕ್ತ ಪ್ರವೇಶ: ದೊಡ್ಡ ಗ್ರಾಹಕ ತನಗೆ ಬೇಕಾದವರಿಂದ ವಿದ್ಯುತ್ ಕೊಂಡು ಸರಬರಾಜು ಕಂಪನಿಯ ತಂತಿಯ ಮೇಲೆ ತರಿಸಿಕೊಳ್ಳಬಹುದು. ಎರಡನೆಯದು ಸ್ವಂತ ಬಳಕೆಯ ಸ್ಥಾವರ. 2005ರ ನಿಯಮಗಳ ಪ್ರಕಾರ ಬಳಕೆದಾರರು ಸ್ಥಾವರದ ಕನಿಷ್ಠ ಶೇ 26 ಪಾಲು ಹೊಂದಿ, ಅದರ ವಾರ್ಷಿಕ ಉತ್ಪಾದನೆಯ ಕನಿಷ್ಠ ಶೇ 51ರಷ್ಟನ್ನು ತಾವೇ ಬಳಸಿದರೆ ಅದು ಸ್ವಂತ ಸ್ಥಾವರ ಎನಿಸುತ್ತದೆ. ಹಲವು ಕಂಪನಿಗಳು ಕೂಡಿ ಪಾಲುದಾರರಾಗುವುದೇ ಗ್ರೂಪ್ ಕ್ಯಾಪ್ಟಿವ್.

ಎರಡು ಬಾಗಿಲುಗಳ ನಡುವಿನ ಅಂತರ ಅಡ್ಡ ಸಹಾಯಧನದಲ್ಲಿದೆ. ಕೈಗಾರಿಕೆಗೆ ತಗಲುವ ವೆಚ್ಚಕ್ಕಿಂತ ಹೆಚ್ಚು ದರ ಹಾಕಿ, ಆ ಹಣದಿಂದ ಬಡ ಮನೆ ಮತ್ತು ಕೃಷಿಯ ದರ ಇಳಿಸುವುದು ಹಳೆಯ ರೂಢಿ. ಕರ್ನಾಟಕದಲ್ಲಿ 10 ಅಶ್ವಶಕ್ತಿವರೆಗಿನ ಪಂಪ್‌ಸೆಟ್ಟುಗಳಿಗೆ 2008ರಿಂದ ಉಚಿತ ವಿದ್ಯುತ್ತಿದೆ, ಸರ್ಕಾರದ ಸಹಾಯಧನವೂ ಅದಕ್ಕೆ ಸೇರುತ್ತದೆ. ದೊಡ್ಡ ಗಿರಾಕಿ ಹೊರಗೆ ಹೋದರೆ ಈ ಹಣ ತಪ್ಪುತ್ತದೆಂದು ಮುಕ್ತ ಪ್ರವೇಶದ ಮೇಲೆ ಸರ್ಚಾರ್ಜ್ ಹಾಕುತ್ತಾರೆ. ಸ್ವಂತ ಸ್ಥಾವರಕ್ಕೆ ಅದು ಇಲ್ಲ. ಹೀಗಾಗಿ ಶೇ 26ರ ಪಾಲು ಬಂಡವಾಳದ ಲೆಕ್ಕಕ್ಕಿಂತ ಸರ್ಚಾರ್ಜ್ ಉಳಿಸುವ ಉಪಾಯವಾಗಿ ಜನಪ್ರಿಯವಾಯಿತು. ಪಾಲಿಗೆ ತಕ್ಕ ಬಳಕೆ ಇರಬೇಕೆಂಬ ಷರತ್ತಿನ ಮೇಲಿನ ವ್ಯಾಜ್ಯಗಳು ಸುಪ್ರೀಂ ಕೋರ್ಟ್ ಮುಟ್ಟಿ, 2023ರ ಅಕ್ಟೋಬರಿನಲ್ಲಿ ತೀರ್ಪು ಬಂತು. ಉದ್ಯಮಿಗಳು ಇದನ್ನು ಹಕ್ಕು ಎನ್ನುತ್ತಾರೆ. ಉಚಿತ ಪಂಪ್‌ಸೆಟ್ಟಿನ ಫೀಡರುಗಳೇ ತುಂಬಿರುವ ದೇವದುರ್ಗ, ಮಾನ್ವಿಯಂಥ ತಾಲ್ಲೂಕುಗಳ ಖರ್ಚು ತೂಗಿಸಬೇಕಾದ ಜೆಸ್ಕಾಂ ಕಡೆಯಿಂದ ನೋಡಿದರೆ, ಒಳ್ಳೆಯ ಗಿರಾಕಿಗಳು ಒಬ್ಬೊಬ್ಬರಾಗಿ ಎದ್ದುಹೋಗುವ ಅಂಗಡಿ ಇದು. ಎರಡು ಮಾತೂ ಸುಳ್ಳಲ್ಲ.

ಬೆಲೆ ಗಂಟೆಗಂಟೆಗೆ ಕುಣಿಯತೊಡಗಿದ್ದು 2008ರಲ್ಲಿ ವಿದ್ಯುತ್ ವಿನಿಮಯ ಕೇಂದ್ರಗಳು ತೆರೆದ ಮೇಲೆ. ನಾಳೆಯ ಪ್ರತಿ ಅವಧಿಯ ವಿದ್ಯುತ್ತಿಗೆ ಇಂದೇ ಹರಾಜು. ದಕ್ಷಿಣದ ರಾಜ್ಯಗಳಿಗೆ ಇಲ್ಲೊಂದು ಕಷ್ಟವಿತ್ತು. ದಕ್ಷಿಣ ಗ್ರಿಡ್ ದೇಶದ ಉಳಿದ ಗ್ರಿಡ್‌ನೊಡನೆ ತಲ್ಚೇರ್–ಕೋಲಾರದಂಥ ನೇರ ಪ್ರವಾಹದ ಕೊಂಡಿಗಳಿಂದಷ್ಟೇ ಕೂಡಿತ್ತು, ಎರಡರ ಲಯ ಬೇರೆ ಬೇರೆ. 2012ರ ಜುಲೈ ಕೊನೆಯಲ್ಲಿ ಉತ್ತರ ಭಾರತವೆಲ್ಲ ಕತ್ತಲಾದಾಗ ದಕ್ಷಿಣ ಉಳಿದುಕೊಂಡದ್ದಕ್ಕೆ ಈ ಬೇರ್ಪಾಡೇ ಕಾರಣ. ಅದೇ ಬೇರ್ಪಾಡು ದಿನವೂ ವಸೂಲಿ ಮಾಡುತ್ತಿದ್ದ ದಂಡವೂ ಇತ್ತು: ಕೊಂಡಿ ಇಕ್ಕಟ್ಟಾಗಿದ್ದರಿಂದ ಉತ್ತರದಲ್ಲಿ ಅಗ್ಗದ ವಿದ್ಯುತ್ ಇದ್ದರೂ ದಕ್ಷಿಣದವರು ವಿನಿಮಯ ಕೇಂದ್ರದಲ್ಲಿ ಹೆಚ್ಚಿನ ಬೆಲೆ ಕೊಡಬೇಕಿತ್ತು.

ಆ ಗೋಡೆ ಬಿದ್ದದ್ದು ರಾಯಚೂರಿನಲ್ಲಿ. ಪವರ್‌ಗ್ರಿಡ್ ಕಟ್ಟಿದ 765 ಕಿಲೋವೋಲ್ಟ್‌ನ, ಸುಮಾರು 208 ಕಿಲೋಮೀಟರ್ ಉದ್ದದ ರಾಯಚೂರು–ಸೊಲ್ಲಾಪುರ ಮಾರ್ಗ 2013ರ ಡಿಸೆಂಬರ್ 31ರಂದು ಚಾಲೂ ಆಗಿ, ಇಡೀ ದೇಶ ಒಂದೇ ಲಯದ ಗ್ರಿಡ್ ಆಯಿತು. ಮರುವರ್ಷ ಖಾಸಗಿ ಕಂಪನಿಯೊಂದು ಕಟ್ಟಿದ ಎರಡನೇ ಮಾರ್ಗವೂ ಬಂತು. ಅದಕ್ಕೂ ಸುಮಾರು ನೂರನಲವತ್ತು ವರ್ಷ ಮೊದಲು ಎರಡು ರೈಲ್ವೆಗಳು ಕೂಡಿದ ಊರಿನಲ್ಲೇ ಎರಡು ಗ್ರಿಡ್ಡುಗಳೂ ಕೂಡಿದ್ದು ಕಾಕತಾಳೀಯ ಎಂದು ತಳ್ಳಿಹಾಕುವಂತಿಲ್ಲ. ದಖನ್ನಿನ ನಕ್ಷೆಯಲ್ಲಿ ಮುಂಬಯಿ ಮತ್ತು ಮದ್ರಾಸಿನ ನಡುವಿನ ಸಹಜ ದಾರಿ ಎರಡು ನದಿಗಳ ನಡುವಿನ ಈ ಸೀಮೆಯ ಮೇಲೆಯೇ ಹಾಯುತ್ತದೆ. ಮುಂದಿನ ವರ್ಷಗಳಲ್ಲಿ ಇನ್ನಷ್ಟು ಮಾರ್ಗಗಳು ಸೇರಿ ಉತ್ತರ–ದಕ್ಷಿಣದ ದರದ ಅಂತರ ಕರಗುತ್ತ ಬಂತು.

ಇದೇ ಹೊತ್ತಿಗೆ ಬಿಸಿಲು ಅಗ್ಗವಾಗತೊಡಗಿತ್ತು. ಕರ್ನಾಟಕ ವಿದ್ಯುತ್ ನಿಗಮ 2012ರ ಸುಮಾರಿಗೆ ರಾಯಚೂರು ತಾಲ್ಲೂಕಿನ ಯಾಪಲದಿನ್ನಿಯಲ್ಲಿ 3 ಮೆಗಾವ್ಯಾಟಿನ ಸೌರ ಸ್ಥಾವರ ನಿಲ್ಲಿಸಿದಾಗ ಅದು ಪ್ರದರ್ಶನದ ವಸ್ತುವಾಗಿತ್ತು. 2010ರ ರಾಷ್ಟ್ರೀಯ ಹರಾಜಿನಲ್ಲಿ ಸೌರ ವಿದ್ಯುತ್ತಿನ ಸರಾಸರಿ ದರ ಯೂನಿಟ್ಟಿಗೆ ಸುಮಾರು 12 ರೂಪಾಯಿ. 2017ರಲ್ಲಿ ರಾಜಸ್ಥಾನದ ಭಡ್ಲಾದಲ್ಲಿ ಅದು 2.44 ರೂಪಾಯಿಗೆ ಇಳಿಯಿತು. ರಾಜ್ಯದ 2014ರ ಸೌರ ನೀತಿ ಬಂತು, ರೈತರ ಜಮೀನು ಗುತ್ತಿಗೆಗೆ ಪಡೆಯುವ ಮತ್ತು ಭೂ ಪರಿವರ್ತನೆಯ ದಾರಿ ಸಲೀಸಾಯಿತು. ಒಂದೇ ಕಡೆ ರಾಶಿ ಬೀಳದಂತೆ ತಾಲ್ಲೂಕಿಗೆ 20 ಮೆಗಾವ್ಯಾಟ್ ಮಿತಿ ಇಟ್ಟು 60 ತಾಲ್ಲೂಕುಗಳಿಗೆ 1,200 ಮೆಗಾವ್ಯಾಟಿನ ಟೆಂಡರ್ ಕರೆದದ್ದು ಕರ್ನಾಟಕದ ವಿಶೇಷ. ಮೆಗಾವ್ಯಾಟಿಗೆ ನಾಲ್ಕೈದು ಎಕರೆ ಬೇಕಾಗುವುದರಿಂದ 20 ಮೆಗಾವ್ಯಾಟ್ ಎಂದರೆ ಸುಮಾರು ನೂರು ಎಕರೆ. ರಾಯಚೂರು ಸೀಮೆಯಲ್ಲಿ ಬಿಸಿಲಿಗೆ ಬರವಿಲ್ಲ. ಎರೆ ಮಣ್ಣು ಮಾತ್ರ ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವಂಥದ್ದು, ಫಲಕದ ಕಂಬಗಳಿಗೆ ಆಳದ ಬುನಾದಿ ಕೇಳುತ್ತದೆ.

ಕಂಪನಿಗಳನ್ನು ಎಳೆದದ್ದು ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗದ 2014ರ ಆದೇಶ. 2013ರ ಏಪ್ರಿಲಿನಿಂದ 2018ರ ಮಾರ್ಚ್‌ವರೆಗೆ ಚಾಲೂ ಆಗುವ ಸೌರ ಸ್ಥಾವರಗಳಿಗೆ ಹತ್ತು ವರ್ಷ ವ್ಹೀಲಿಂಗ್, ಬ್ಯಾಂಕಿಂಗ್ ಶುಲ್ಕವೂ ಅಡ್ಡ ಸಹಾಯಧನ ಸರ್ಚಾರ್ಜೂ ಇಲ್ಲ. ಗಡುವು ಹತ್ತಿರವಾದಂತೆ 2017–18ರಲ್ಲಿ ನೂಕುನುಗ್ಗಲಾಯಿತು, ಆ ವರ್ಷಾಂತ್ಯಕ್ಕೆ ಸೌರ ಸಾಮರ್ಥ್ಯದಲ್ಲಿ ಕರ್ನಾಟಕ ದೇಶಕ್ಕೇ ಮೊದಲಿಗೆ ಬಂತು. ಕೊಳ್ಳುವವರಲ್ಲಿ ಐಟಿ ಕಂಪನಿಗಳಿದ್ದವು, ವಾಹನದ ಬಿಡಿಭಾಗ ಮಾಡುವವರಿದ್ದರು. 2014ರಲ್ಲಿ ಹುಟ್ಟಿದ ಆರ್‌ಇ100 ಎಂಬ, ಪೂರ್ತಿ ಹಸಿರು ವಿದ್ಯುತ್ತಿಗೆ ಬದಲಾಗುವ ಪಣ ತೊಟ್ಟ ಕಂಪನಿಗಳ ಜಾಗತಿಕ ಕೂಟಕ್ಕೆ ಭಾರತದಿಂದ ಮೊದಲು ಸೇರಿದ ಇನ್ಫೊಸಿಸ್, ಶಿರಾ ಬಳಿ ಸ್ವಂತ ಬಳಕೆಗೆ 40 ಮೆಗಾವ್ಯಾಟಿನ ಸ್ಥಾವರ ಹಾಕಿಕೊಂಡಿತು. ತುಂಗಭದ್ರೆಯ ಆಚೆ ದಡದ ಬಳ್ಳಾರಿ ಜಿಲ್ಲೆಯಲ್ಲಿ ಜೆಎಸ್‌ಡಬ್ಲ್ಯು ಉಕ್ಕಿನ ಕಾರ್ಖಾನೆಗಾಗಿ 225 ಮೆಗಾವ್ಯಾಟಿನ ಸೌರ ಸ್ಥಾವರ 2022ರಲ್ಲಿ ಚಾಲೂ ಆಯಿತು.

ಕರಾರುಗಳ ಬಗೆ ಹಲವು. ಹದಿನೈದರಿಂದ ಇಪ್ಪತ್ತೈದು ವರ್ಷಕ್ಕೆ ಒಂದೇ ದರ ಬರೆದುಕೊಳ್ಳುವುದು ಸರಳವಾದದ್ದು. 2010ರಲ್ಲಿ ಅಮೆರಿಕದ ಐಯೊವಾದಲ್ಲಿ ಗೂಗಲ್ 114 ಮೆಗಾವ್ಯಾಟ್ ಗಾಳಿ ವಿದ್ಯುತ್ತನ್ನು ಇಪ್ಪತ್ತು ವರ್ಷಕ್ಕೆ ಕೊಂಡದ್ದು ಈ ಮಾದರಿಗೆ ಹೆಸರು ತಂದಿತು. ಇನ್ನೊಂದು, ಸರಬರಾಜು ಕಂಪನಿಯ ದರಕ್ಕಿಂತ ಇಂತಿಷ್ಟು ಕಡಿಮೆ ಎಂಬ ರಿಯಾಯಿತಿ ಕರಾರು. ಇದರಲ್ಲಿ ದರ ಏರಿದರೆ ಲಾಭ ಉತ್ಪಾದಕನದು, ಉಳಿತಾಯ ಮಾತ್ರ ಗಿರಾಕಿಯದು. ಮೂರನೆಯದು ಬರೀ ಕಾಗದದ ಕರಾರು. ದರ 4 ರೂಪಾಯಿ ಎಂದು ಬರೆದುಕೊಂಡರೆಂದಿಟ್ಟುಕೊಂಡರೆ, ಮಾರುಕಟ್ಟೆ 6ಕ್ಕೆ ಏರಿದಾಗ ಉತ್ಪಾದಕ 2 ರೂಪಾಯಿ ಹಿಂದಿರುಗಿಸುತ್ತಾನೆ. ಎರಡೂವರೆಗೆ ಇಳಿದಾಗ ಕಂಪನಿ ಒಂದೂವರೆ ರೂಪಾಯಿ ತುಂಬಿಕೊಡುತ್ತದೆ. ಕರೆಂಟು ಇಬ್ಬರ ನಡುವೆ ಕೈ ಬದಲಾಗುವುದೇ ಇಲ್ಲ. ಕಂಪನಿಗೆ ಸಿಗುವುದು ದರದ ಭದ್ರತೆ ಮತ್ತು ಹಸಿರು ಪ್ರಮಾಣಪತ್ರ. ಇಂತಿಷ್ಟು ಹಸಿರು ವಿದ್ಯುತ್ ಬಳಸಲೇಬೇಕೆಂಬ ಕಡ್ಡಾಯವನ್ನು ಬರೀ ಪ್ರಮಾಣಪತ್ರ ಕೊಂಡು ಮುಗಿಸುವ ದಾರಿಯೂ ದೇಶದಲ್ಲಿ 2011ರಿಂದ ಇದೆ. ಅದರ ಏರಿಳಿತ ವಿದ್ಯುತ್ತಿನದಕ್ಕಿಂತ ಜೋರು: ಸೌರ ಪ್ರಮಾಣಪತ್ರದ ಕನಿಷ್ಠ ದರ 2012ರಲ್ಲಿ 9,300 ರೂಪಾಯಿ ಇದ್ದದ್ದು 2017ಕ್ಕೆ 1,000 ರೂಪಾಯಿ. ಮೊದಲೇ ಕೊಂಡಿಟ್ಟವರಿಗೆ ಅದು ದುಬಾರಿ ಪಾಠವಾಯಿತು.

ಕಲ್ಲಿದ್ದಲಿನ ಕಡೆ ಆಟ ತಲೆಕೆಳಗಾಗಿತ್ತು. ಬಿಸಿಲು, ಗಾಳಿ ಹೆಚ್ಚಾದಂತೆ ಮಳೆಗಾಲದಲ್ಲಿ ಶಕ್ತಿನಗರದ ಬಹುತೇಕ ಘಟಕಗಳು ನಿಂತ ದಿನಗಳು ಬಂದವು. ಹಾಗಿರುವಾಗಲೇ 2021ರ ಅಕ್ಟೋಬರಿನಲ್ಲಿ ದೇಶದಾದ್ಯಂತ ಕಲ್ಲಿದ್ದಲು ದಾಸ್ತಾನು ಕುಸಿದು, ವಿನಿಮಯ ಕೇಂದ್ರದ ದರ ಕೆಲ ಹೊತ್ತು ಯೂನಿಟ್ಟಿಗೆ 20 ರೂಪಾಯಿ ಮುಟ್ಟಿತು. 2022ರ ಏಪ್ರಿಲಿನಲ್ಲಿ ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗ 12 ರೂಪಾಯಿಯ ಮಿತಿ ಹಾಕಿತು, ಮರುವರ್ಷ ಅದನ್ನು 10ಕ್ಕೆ ಇಳಿಸಿತು. ಹಸಿರು ವಿದ್ಯುತ್ತಿಗೇ ಪ್ರತ್ಯೇಕವಾದ ಮರುದಿನದ ಹರಾಜು ಆರಂಭವಾದದ್ದೂ ಆ ಬಿಕ್ಕಟ್ಟಿನ ದಿನಗಳಲ್ಲೇ, 2021ರ ಅಕ್ಟೋಬರ್ 25ರಂದು. ಪೇಟೆಯ ದರಕ್ಕೆ ಸಿಕ್ಕಿಕೊಂಡಿದ್ದ ಕಾರ್ಖಾನೆಗಳು ಕಂಗೆಟ್ಟವು. ನಿಗದಿ ದರದ ಸೌರ ಕರಾರು ಇದ್ದವರಿಗೆ ಹಗಲಿನ ಮಟ್ಟಿಗೆ ಆ ಏರಿಕೆ ತಟ್ಟಲಿಲ್ಲ.

2023ರ ಬರ ಕರಾರಿನ ಇನ್ನೊಂದು ಮಿತಿಯನ್ನು ತೋರಿಸಿತು. ಜಲಾಶಯಗಳು ಬರಿದಾಗಿ, ಪಂಪ್‌ಸೆಟ್ ಬೇಡಿಕೆ ಮೇಲೇರಿದ್ದರಿಂದ ಅಕ್ಟೋಬರಿನಲ್ಲಿ ರಾಜ್ಯ ಸರ್ಕಾರ ವಿದ್ಯುತ್ ಕಾಯ್ದೆಯ 11ನೇ ಕಲಂ ಬಳಸಿ, ರಾಜ್ಯದೊಳಗಿನ ಉತ್ಪಾದಕರು ತಮ್ಮ ವಿದ್ಯುತ್ತನ್ನು ರಾಜ್ಯದ ಗ್ರಿಡ್ಡಿಗೇ ಕೊಡಬೇಕೆಂದು ಆದೇಶಿಸಿತು. ಉತ್ತರ ಪ್ರದೇಶ, ಪಂಜಾಬ್‌ಗಳಿಂದ ವಿನಿಮಯದ ಮೇಲೆ ವಿದ್ಯುತ್ ತರಿಸಿತು. ಉತ್ತರದ ವಿದ್ಯುತ್ ಇಷ್ಟು ಸರಾಗವಾಗಿ ಇಳಿದುಬರಲು ಸೊಲ್ಲಾಪುರದ ಕಡೆಯ ಆ ಮಾರ್ಗಗಳೂ ಕಾರಣ. ಮರುವರ್ಷ ಮಳೆ ಚೆನ್ನಾಗಿ ಬಂದರೆ, ಆಗಸ್ಟ್ 10ರಂದು ತುಂಗಭದ್ರಾ ಅಣೆಕಟ್ಟಿನ 19ನೇ ಗೇಟ್ ಕೊಚ್ಚಿಹೋಗಿ ಕೂಡಿಟ್ಟ ನೀರು ಹೊಳೆ ಪಾಲಾಯಿತು. ಕಾಲುವೆಯ ಕೊನೆ ಭಾಗದ ಮಾನ್ವಿ, ಸಿರವಾರದ ರೈತರಿಗೆ ಇಂಥ ಆತಂಕ ಹೊಸದಲ್ಲ. ಕಾಲುವೆ ಬೀಳಿನ ಟರ್ಬೈನುಗಳೂ ಅದೇ ಸರದಿಯಲ್ಲಿ ನಿಂತಿರುತ್ತವೆ.

2022ರ ಜೂನಿನ ಹಸಿರು ಮುಕ್ತ ಪ್ರವೇಶ ನಿಯಮಗಳು ಅರ್ಹತೆಯ ಮಿತಿಯನ್ನು 1 ಮೆಗಾವ್ಯಾಟಿನಿಂದ 100 ಕಿಲೋವ್ಯಾಟಿಗೆ ಇಳಿಸಿದವು. ದೊಡ್ಡ ಅಕ್ಕಿ ಗಿರಣಿ, ಹತ್ತಿ ಗಿರಣಿಗಳೂ ಈಗ ಕಾಗದದ ಮಟ್ಟಿಗೆ ಗಿರಾಕಿಗಳು. ಆದರೆ ಬ್ಯಾಂಕಿಂಗಿನ ಖಾತ್ರಿ ಇರುವುದು ತಿಂಗಳ ಲೆಕ್ಕಕ್ಕೆ. ಅಷ್ಟೇ ಅವಧಿಯಾದರೆ ಜುಲೈ ಯೂನಿಟ್ ಏಪ್ರಿಲಿಗೆ ಉಳಿಯದು. ಸೌರಕ್ಕೆ ಇದು ತಡೆದುಕೊಳ್ಳುವಂಥದ್ದು, ಗಾಳಿಗೂ ಕಾಲುವೆ ಕರೆಂಟಿಗೂ ದೊಡ್ಡ ಹೊಡೆತ. ಮಂಡಳಿಯ ಕಾಲದಿಂದ ಸರಬರಾಜು ಕಂಪನಿ ಹೊತ್ತುಬಂದ ಋತುಮಾನದ ಹೊರೆ ಹೀಗೆ ಕೊಳ್ಳುವವರ ಕಡೆಗೆ ಜಾರುತ್ತಿದೆ.

ಇತ್ತೀಚಿನ ವರ್ಷಗಳ ಏರಿಳಿತ ದಿನದೊಳಗೇ ನಡೆಯುತ್ತದೆ. ನಡುಹಗಲಿನಲ್ಲಿ ದೇಶದ ಸೌರ ವಿದ್ಯುತ್ತೆಲ್ಲ ಒಮ್ಮೆಗೇ ಪೇಟೆಗೆ ಬಿದ್ದು ದರ ಕುಸಿಯುತ್ತದೆ, ಹೊತ್ತು ಮುಳುಗಿದ ಮೇಲೆ ಅದೇ ಪೇಟೆ 10 ರೂಪಾಯಿಯ ಮಿತಿಗೆ ತಲೆ ತಾಗಿಸುತ್ತದೆ. ಹಗಲಿನ ವಿದ್ಯುತ್ತನ್ನು ಇಪ್ಪತ್ತೈದು ವರ್ಷಕ್ಕೆ ನಿಗದಿ ದರದಲ್ಲಿ ಕೊಂಡವರು, ಅಗ್ಗವಾಗಿ ಸಿಗುವುದನ್ನೇ ಭದ್ರ ಮಾಡಿಕೊಂಡೆವೇ ಎಂದು ಯೋಚಿಸುವಂತಾಗಿದೆ. ಉತ್ತರವಾಗಿ ಬಂದಿರುವುದು ಗಾಳಿ, ಬಿಸಿಲು, ಬ್ಯಾಟರಿ ಬೆರೆಸಿ ಹಗಲಿರುಳು ಕೊಡುವ ಕರಾರು. 2020ರ ಮೇ ತಿಂಗಳ ಮೊದಲ ರಾಷ್ಟ್ರೀಯ ಹರಾಜಿನಲ್ಲಿ 400 ಮೆಗಾವ್ಯಾಟಿಗೆ ಮೊದಲ ವರ್ಷದ ದರ 2.90 ರೂಪಾಯಿಗೆ ನಿಂತಿತ್ತು. ಸಂಜೆಯ ಅಂತರ ತುಂಬುವ ಕೆಲಸ ಸದ್ಯಕ್ಕೆ ಬಹುಪಾಲು ಯರಮರಸ್, ಶಕ್ತಿನಗರದಂಥ ಸ್ಥಾವರಗಳದ್ದು. ಹಗಲು ತಗ್ಗಿ ಸಂಜೆ ಏರುವ ಈ ಓಟಕ್ಕಾಗಿ ಅವನ್ನು ಕಟ್ಟಿದ್ದಲ್ಲ, ಅದರ ಸವೆತ ಬಾಯ್ಲರುಗಳ ಮೇಲೆ ಬೀಳುತ್ತದೆ.

ಅಂತರರಾಜ್ಯ ಮಾರ್ಗಗಳ ಬಾಡಿಗೆಯ ಪೂರ್ಣ ಮನ್ನಾ 2025ರ ಜೂನ್ 30ರವರೆಗೆ ಚಾಲೂ ಆದ ಬಿಸಿಲು, ಗಾಳಿ ಸ್ಥಾವರಗಳಿಗಷ್ಟೇ ಇತ್ತು. ಆಮೇಲೆ ಬರುವವುಗಳಿಗೆ ವರ್ಷಕ್ಕೆ ಶೇ 25ರಂತೆ ಬಾಡಿಗೆ ಕೂಡಿಕೊಳ್ಳುತ್ತದೆ. ರಾಜಸ್ಥಾನದ ಬಿಸಿಲನ್ನು ಬೆಂಗಳೂರಿಗೆ ತರುವುದು ಅಷ್ಟರಮಟ್ಟಿಗೆ ತುಟ್ಟಿಯಾಗಿ, ರಾಜ್ಯದೊಳಗಿನ ಬಿಸಿಲಿಗೆ ಬೆಲೆ ಬರುತ್ತದೆ. ದೇವದುರ್ಗ, ಮಾನ್ವಿಯ ಮಳೆಯಾಶ್ರಿತ ಎರೆ ಹೊಲಗಳ ಗುತ್ತಿಗೆ ಕೇಳಿಕೊಂಡು ಬರುವವರು ಕರಾರಿಗೆ ಮುನ್ನ ನೋಡುವುದು ಎರಡನ್ನು: ಹತ್ತಿರದ ಉಪಕೇಂದ್ರದಲ್ಲಿ ಜಾಗ ಉಳಿದಿದೆಯೇ, ಪಹಣಿಯಲ್ಲಿ ತಕರಾರು ಇದೆಯೇ.